ಕಿವಿಗೆ ಹಿಡಿದ ಬಲ್ಬು

ಶನಿವಾರ ಬೆಳಿಗ್ಗೆ ಕಾರಿನೊಳಗೆ ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ, ಕೆಂಪು ಗಾಜಿನ ಹಿಂದಿದ್ದ ಪುಟ್ಟ ಬಲ್ಬನ್ನು ಬಿಚ್ಚಿ ಅಂಗಿಯ ತೋಳಿಗೆ ಒರೆಸಿ, ಹಳೆಯ ಅಭ್ಯಾಸದಂತೆ ಕಿವಿಗೆ ಹಿಡಿದು ಉಗುರಿನಿಂದ ತಟ್ಟಿದಾಗ, ಒಳಗಿನ ಎಳೆ ತುಂಡಾಗಿರುವುದು ಹ್ಯೂಬರ್ಟ್ ಪೆಡ್ಲಿಗೆ ಕೇಳಿಸಿತು. ದೊಡ್ಡ ಸದ್ದೇನಲ್ಲ. ಆದರೆ ಅವನು ಕೆಲಸ ಮಾಡುತ್ತಿದ್ದ ಕಾರುದೀಪಗಳ ಕಾರ್ಖಾನೆಯಲ್ಲಿ ಬಲ್ಬನ್ನು ಕಣ್ಣಿನಿಂದ ಪರೀಕ್ಷಿಸುವವರು ಯಾರೂ ಇರಲಿಲ್ಲ, ಒಂದೊಂದಕ್ಕೂ ಕರೆಂಟು ಕೊಟ್ಟು ನೋಡುವಷ್ಟು ಪುರುಸೊತ್ತೂ ಇರಲಿಲ್ಲ. ಬೆಂಚಿನಲ್ಲಿ ಕೂತು ದೀಪ ಜೋಡಿಸುವ ಹೆಂಗಸರಿಂದ ಹಿಡಿದು ನಕ್ಷೆ ಬರೆಯುವವರವರೆಗೆ ಎಲ್ಲರೂ ನೋಡುತ್ತಿದ್ದುದು ಕಿವಿಯಿಂದಲೇ. ಬದುಕಿರುವ ಬಲ್ಬು ತಟ್ಟಿದರೆ ಸುಮ್ಮನಿರುತ್ತದೆ, ಸತ್ತದ್ದು ಸಣ್ಣಗೆ ಗಿಲಿಗುಟ್ಟುತ್ತದೆ. ಪೆಡ್ಲಿ ಎರಡನೇ ಸಲ ತಟ್ಟಿದ. ಗಿಲಿಗುಟ್ಟಿತು. ಅವನ ವೇಸ್ಟ್‌ಕೋಟಿನ ಜೇಬಿನಲ್ಲಿ ಹತ್ತಿಯಲ್ಲಿ ಸುತ್ತಿದ ಒಳ್ಳೆಯ ಬಲ್ಬುಗಳು ಯಾವಾಗಲೂ ಇರುತ್ತಿದ್ದವು. ಭಾನುವಾರ ಪ್ರಾರ್ಥನೆಗೆ ಚಾಪೆಲ್ಲಿಗೆ ಹೋಗುವಾಗಲೂ ಅವನ್ನು ತೆಗೆದಿಡುವುದಿಲ್ಲವೆಂದು ಹೆಂಡತಿ ಹೆಟ್ಟಿ ಗೊಣಗುವಳು. ಅವನ ಕೈ ಆ ಜೇಬಿನವರೆಗೆ ಹೋಯಿತು ಕೂಡ. ಹೋಗಿ, ಅಲ್ಲೇ ನಿಂತಿತು. ಅದೆಷ್ಟು ಹೊತ್ತು ಹಾಗೆ ಮಲಗಿದ್ದನೋ, ಬೆನ್ನಿನ ಕೆಳಗೆ ಪೆಡಲು ಒತ್ತಿ ನೋಯತೊಡಗಿದ ಮೇಲೆ ಸತ್ತ ಬಲ್ಬನ್ನೇ ಅದರ ಜಾಗಕ್ಕೆ ತಿರುಗಿಸಿ ಹಾಕಿ, ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡ. ಯಾರೂ ನೋಡಿರಲಿಲ್ಲ. ನೋಡಿದ್ದರೂ ಒಬ್ಬ ಮನುಷ್ಯ ಬಲ್ಬು ಬಿಚ್ಚಿ ಬಲ್ಬು ಹಾಕಿದ, ಅಷ್ಟೇ ಕಾಣುತ್ತಿತ್ತು.

ಇನ್ನೊಂದು ಗಂಟೆಯಲ್ಲಿ ಟ್ರಬ್‌ಷಾ ಬರುವವರಿದ್ದರು. ಕಾರು ತಯಾರಿಸುವ ಕಂಪನಿಯೊಂದರ ಮುಖ್ಯ ಎಂಜಿನಿಯರು ಅವರು. ಅವರು ಒಪ್ಪಿದರೆ ಮುಂದಿನ ವರ್ಷದ ಅವರ ಕಾರುಗಳಿಗೆಲ್ಲ ಈ ದೀಪವೇ. ಎಂಜಿನ್ನಿನ ಎಣ್ಣೆಯ ಒತ್ತಡ ಬಿದ್ದುಹೋದರೆ ಹೊತ್ತಿಕೊಂಡು ಓಡಿಸುವವನನ್ನು ಎಚ್ಚರಿಸುವ ಕೆಂಪು ದೀಪ, ಅಂಗಿಯ ಗುಂಡಿಯಷ್ಟಗಲದ ಗಾಜು. ಪೆಡ್ಲಿಯ ಕಾರ್ಖಾನೆಯ ಮುಖ್ಯ ವಿನ್ಯಾಸಕ ರೆಜಿನಾಲ್ಡ್ ಹಾಕ್ಸ್‌ಫರ್ಡ್ ಅದನ್ನು ತೋರಿಸಲು ಒಂದು ಆಟ ಹೂಡಿದ್ದ. ಅತಿಥಿಗಳನ್ನು ಕೂರಿಸಿಕೊಂಡು ಲಿಕ್ಕಿ ಗುಡ್ಡದ ಏರು ಹತ್ತುವುದು; ಅರ್ಧದಲ್ಲಿ, ಸ್ಟಿಯರಿಂಗಿನ ಕೆಳಗೆ ಜೋಡಿಸಿದ ಚಿಕ್ಕ ನಲ್ಲಿಯೊಂದನ್ನು ತಿರುಗಿಸಿ ಎಣ್ಣೆ ಎಂಜಿನ್ನಿಗೆ ಹೋಗದೆ ಹಿಂದಕ್ಕೆ ಹರಿಯುವಂತೆ ಮಾಡುವುದು; ಕೂಡಲೇ ದೀಪ ಹೊತ್ತುತ್ತದೆ, ಅತಿಥಿಗಳು ಓಹೋ ಅನ್ನುತ್ತಾರೆ, ನಲ್ಲಿ ಮುಚ್ಚಿದರೆ ಆರುತ್ತದೆ. ಹೊತ್ತದಿದ್ದರೆ? ಪೆಡ್ಲಿಗೆ ಹಾಕ್ಸ್‌ಫರ್ಡ್ ಚೆನ್ನಾಗಿ ಗೊತ್ತು. ಮಾತಾಡುತ್ತ ಆಡುತ್ತ ನಲ್ಲಿ ತಿರುಗಿಸುತ್ತಾನೆ. ದೀಪ ಹೊತ್ತದಿದ್ದರೆ ನಲ್ಲಿ ಬಿಗಿಯಾಗಿದೆ ಅಂದುಕೊಂಡು ಇನ್ನೂ ತಿರುಗಿಸುತ್ತಾನೆ. ನಗುತ್ತಲೇ ಇರುತ್ತಾನೆ. ಎಣ್ಣೆಯಿಲ್ಲದ ಎಂಜಿನ್ ಏರಿನಲ್ಲಿ ಬಡಿದುಕೊಳ್ಳಲು ಶುರುಮಾಡಿ, ಲೋಹಕ್ಕೆ ಲೋಹ ಕಚ್ಚಿ, ಗುಡ್ಡದ ನಡುವೆ ಎಲ್ಲ ನಿಂತುಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಹಾಕ್ಸ್‌ಫರ್ಡನ ಕುತ್ತಿಗೆಯ ಹಿಂಭಾಗ ಕೆಂಪಾಗುವುದನ್ನು ನೋಡಬೇಕು. ಅದೊಂದನ್ನು ನೋಡಿದರೆ ಸಾಕು, ಇನ್ನೇನೂ ಬೇಡ ಅನ್ನಿಸಿತ್ತು ಅವನಿಗೆ.

ಹಿಂದೆ ಈ ಹಾಕ್ಸ್‌ಫರ್ಡ್ ಬರೀ ರೆಜ್. ಇಬ್ಬರೂ ಒಟ್ಟಿಗೇ ಕೆಲಸ ಕಲಿಯಲು ಸೇರಿದವರು, ಒಂದೇ ಬೆಂಚಿನಲ್ಲಿ ತಾಮ್ರದ ಚೂರಿಗೆ ಅರ ಉಜ್ಜಿದವರು, ಹಸಿವಾದಾಗ ಒಂದೇ ಪೊಟ್ಟಣದ ಬಟಾಣಿ ಗೊಜ್ಜು ಹಂಚಿಕೊಂಡು ತಿಂದವರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಲ್ಬುಗಳನ್ನು ಕಿವಿಯಿಂದ ಆರಿಸುವ ಪಂದ್ಯ ಆಡುತ್ತಿದ್ದರು. ಗೆಲ್ಲುತ್ತಿದ್ದವನು ಯಾವಾಗಲೂ ಹ್ಯೂಬರ್ಟ್. ಸೋತಾಗಲೆಲ್ಲ ರೆಜ್ ನಗುತ್ತಿದ್ದ, ಸೋಲು ತನಗಲ್ಲ ಬಲ್ಬಿಗೇ ಆಯಿತು ಅನ್ನುವಂತೆ. ಆ ನಗು ಅವನನ್ನು ಮೇಲೆ ಕರೆದುಕೊಂಡು ಹೋಯಿತು, ಹ್ಯೂಬರ್ಟನ ಕಿವಿ ಅವನನ್ನು ಅಲ್ಲಿಯೇ ಇಟ್ಟಿತು. ಒಂದು ಸೋಮವಾರ ಬೆಳಿಗ್ಗೆ ರೆಜ್ ಮಿಸ್ಟರ್ ಹಾಕ್ಸ್‌ಫರ್ಡ್ ಆಗಿ ಗಾಜಿನ ಕೋಣೆಯೊಳಗೆ ಹೋದ. ಹ್ಯೂಬರ್ಟ್ ಹೊರಗೆ ನಕ್ಷೆಯ ಹಲಗೆಯ ಮುಂದೆ ಬರೀ ಪೆಡ್ಲಿ ಆಗಿ ಉಳಿದ. ಅದಕ್ಕೆ ಅವನಿಗೆ ಬೇಜಾರಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದು ಹೊಟ್ಟೆಯೊಳಗೇ ಇಟ್ಟುಕೊಳ್ಳಬಹುದಾದ ಬೇಜಾರಾಗಿತ್ತು, ಎಲ್ಲರ ಹೊಟ್ಟೆಯಲ್ಲೂ ಇರುವಂಥದು.

ಸತ್ತ ಬಲ್ಬು ಹಾಕಿದ್ದಕ್ಕೆ ಕಾರಣ ಬೇರೆಯೇ. ಅದು ಹಸಿರು ದೀಪದ ವಿಷಯ. ಕೆಂಪಿಗಿಂತ ಮೊದಲು ಹಾಕ್ಸ್‌ಫರ್ಡನ ತಲೆಯಲ್ಲಿದ್ದುದು ಹಸಿರು: ಎಲ್ಲ ಸರಿಯಿರುವಷ್ಟು ಹೊತ್ತೂ ಉರಿಯುವುದು, ಕೆಟ್ಟರೆ ಆರುವುದು. ಕಣ್ಣಿಗೆ ತಂಪು, ಗಿರಾಕಿಗೆ ನೆಮ್ಮದಿ ಅಂತ ಅವನ ಲೆಕ್ಕ. ಹಗಲೂ ರಾತ್ರಿ ಉರಿದ ಬಲ್ಬುಗಳು ಒಂದೊಂದಾಗಿ ಸತ್ತವು. ಏನೂ ಆಗದ ಎಂಜಿನ್ನಿನ ಮೇಲೆ ಕಾರಿನ ಬಾನೆಟ್ ಎತ್ತಿಕೊಂಡು ಜನ ರಸ್ತೆ ಬದಿಯಲ್ಲಿ ನಿಂತು ಶಾಪ ಹಾಕಿದರು, ಪೆಟ್ಟಿಗೆಗಟ್ಟಲೆ ದೀಪಗಳು ವಾಪಸು ಬಂದವು, ಬೆಂಚಿನವರಿಗೆ ಕ್ರಿಸ್‌ಮಸ್ಸಿಗೆ ಬರಬೇಕಾಗಿದ್ದ ಬೋನಸ್ಸು ನಿಂತುಹೋಯಿತು. ಆಗ ಹಾಕ್ಸ್‌ಫರ್ಡ್ ಗಾಜಿನ ಕೋಣೆಯಿಂದ ಹೊರಗೆ ಬಂದು, ಬಹಳ ದುಃಖದ ಮುಖ ಮಾಡಿಕೊಂಡು, ಮೇಲಿನವರ ಮುಂದೆ ಒಂದೇ ಒಂದು ಮಾತು ಹೇಳಿದ. ನಕ್ಷೆ ಪೆಡ್ಲಿಯದು ಅಂತ. ಸುಳ್ಳಲ್ಲ. ಗೆರೆ ಎಳೆದವನು ಪೆಡ್ಲಿಯೇ. ಎಳೆ ಅಂದವನು ಯಾರೆಂದು ಯಾರೂ ಕೇಳಲಿಲ್ಲ. ಆ ಒಂದು ಮಾತು ಮಧ್ಯಾಹ್ನದೊಳಗೆ ಮೆಟ್ಟಿಲಿಳಿದು ಬೆಂಚಿಗೆ ತಲುಪಿತು.

ಆ ಊರಿನ ಕಾರ್ಖಾನೆಗಳಲ್ಲಿ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ, ಮಾತು ಬಿಡುತ್ತಾರೆ. ಯಾರೂ ಸಭೆ ಸೇರಿ ತೀರ್ಮಾನಿಸುವುದಿಲ್ಲ, ಯಾರೂ ಬಂದು ತಿಳಿಸುವುದಿಲ್ಲ; ಒಂದು ಬೆಳಿಗ್ಗೆ ನೀವು ಶುಭೋದಯ ಅಂದರೆ ಅದು ಗೋಡೆಗೆ ಹೋಗಿ ಬೀಳುತ್ತದೆ. ಚಳಿಗಾಲ ಪೂರ್ತಿ ಪೆಡ್ಲಿಯ ಜೊತೆ ಯಾರೂ ಮಾತಾಡಲಿಲ್ಲ. ಚಹಾದ ಗಾಡಿ ಬಂದಾಗ ಎಲ್ಲರ ಮಗ್ಗುಗಳೂ ತುಂಬುತ್ತಿದ್ದವು, ಅವನದು ಮಾತ್ರ ಹಾಗೇ ಇರುತ್ತಿತ್ತು. ಅವನು ಎದ್ದು ಹೋಗಿ ತಾನೇ ಸುರಿದುಕೊಂಡರೆ ಯಾರೂ ಬೇಡವೆನ್ನುತ್ತಿರಲಿಲ್ಲ, ಅದೇ ಅದರ ಕ್ರೌರ್ಯ. ಅವನು ಬೆಂಚುಗಳ ನಡುವೆ ನಡೆದರೆ ಹೆಂಗಸರ ಹಾಡು ಅರ್ಧಕ್ಕೇ ನಿಂತು, ಅವನು ದಾಟಿದ ಮೇಲೆ ಬಿಟ್ಟ ಸಾಲಿನಿಂದಲೇ ಮುಂದುವರಿಯುತ್ತಿತ್ತು. ಟ್ರಾಮಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಹೆಟ್ಟಿಗೆ ಮಾಂಸದಂಗಡಿಯಲ್ಲಿ ತನ್ನ ಸರದಿ ಬಂದರೂ ಕಾಯಬೇಕಾಗುತ್ತಿತ್ತು. ಅವಳು ಅದನ್ನು ಅವನಿಗೆ ಹೇಳಲಿಲ್ಲ. ಮಾಂಸ ತರುವುದನ್ನೇ ಬಿಟ್ಟು, ಮಾಂಸ ಬಿಡುವ ಲೆಂಟ್ ವ್ರತದ ದಿನಗಳು ಬರುವ ಮೊದಲೇ ಮೊಟ್ಟೆ ಆಲೂಗಡ್ಡೆಯಲ್ಲಿ ದಿನ ತಳ್ಳಿದಳು. ಅವನಿಗೆ ಬೇರೆ ಯಾರದೋ ಬಾಯಿಂದ, ಅಂದರೆ ಚಾಪೆಲ್ಲಿನ ಬಾಗಿಲಲ್ಲಿ ಅವನಿಗೆ ಬೆನ್ನು ಹಾಕಿ ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದವರ ಬಾಯಿಂದ, ಅದು ಗೊತ್ತಾಯಿತು. ಹಾಕ್ಸ್‌ಫರ್ಡ್ ಮಾತ್ರ ಮಾತಾಡುತ್ತಿದ್ದ. ಕೆಲಸದ ಮಾತು, ನಗುನಗುತ್ತಾ. ಇಡೀ ಕಟ್ಟಡದಲ್ಲಿ ಅವನೊಬ್ಬನ ದನಿ ಕೇಳಲು ಪೆಡ್ಲಿಯ ಕಿವಿ ಕಾಯುವಂತಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಅವನ ಮೈ ಉರಿಯುತ್ತದೆ.

ಹೀಗೇ ಇರುವಾಗ, ಚಳಿ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ, ಬೆಂಚಿನ ತುದಿಯಲ್ಲಿ ಕೂರುವ ಫ್ಲೋರಿ ತಲೆಯೆತ್ತದೆ, "ಮಿಸ್ಟರ್ ಪೆಡ್ಲಿ, ಆ ಇಕ್ಕಳ ಸ್ವಲ್ಪ ಈ ಕಡೆ ಕೊಡ್ತೀರಾ?" ಅಂದಳು. ಅಷ್ಟೇ. ಯಾರೂ ಕ್ಷಮೆ ಕೇಳಲಿಲ್ಲ, ಯಾಕೆ ಬಿಟ್ಟೆವು ಯಾಕೆ ಹಿಡಿದೆವು ಅಂತ ಹೇಳಲಿಲ್ಲ, ಶಿಕ್ಷೆ ಮುಗಿದಿತ್ತು. ಪೆಡ್ಲಿ ಇಕ್ಕಳ ಕೊಟ್ಟ. ಕೊಡುವಾಗ "ತಗೊಳ್ಳಿ, ತಗೊಳ್ಳಿ, ಇನ್ನೇನಾದ್ರೂ ಬೇಕಾ?" ಅಂತ ಬಾಯಿಂದ ಬಂದುಬಿಟ್ಟಿತು. ಆಮೇಲೆ ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿದ್ದ. ಅವರು ಮಾತು ಬಿಟ್ಟಿದ್ದನ್ನು ಅವನು ಮರೆಯಬಲ್ಲವನಾಗಿದ್ದ. ಇನ್ನೇನಾದ್ರೂ ಬೇಕಾ ಅಂದದ್ದನ್ನು ಮರೆಯಲಾಗಲಿಲ್ಲ. ಅವತ್ತಿನಿಂದ ಹಾಕ್ಸ್‌ಫರ್ಡನ ಮೇಲಿನ ಅವನ ಸಿಟ್ಟಿಗೆ ಒಂದು ಆಕಾರ ಬಂತು; ತಾನೇ ಹಲಗೆಯ ಮೇಲೆ ಎಳೆದಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಕೆಂಪು ದೀಪದ ಯೋಚನೆ ಬಂದದ್ದು ಆ ಮಾತಿಲ್ಲದ ತಿಂಗಳುಗಳಲ್ಲಿಯೇ. ಅವನ ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕಿ ಬತ್ತಿ ಕತ್ತರಿಸುವವನಾಗಿದ್ದ. ದೀಪ ಇರಬೇಕಾದ ಕಡೆ ಕತ್ತಲೆ ಕಂಡರೆ ಅದನ್ನೂ ಕೆಂಪು ಅಂತಲೇ ತಿಳಿದು ಗಾಡಿ ನಿಲ್ಲಿಸಬೇಕು, ಅದು ರೈಲಿನವರ ಕಾನೂನು ಅಂತ ಅಪ್ಪ ಹೇಳುತ್ತಿದ್ದ; ಬೆರಳುಗಳಿಗೆ ಯಾವಾಗಲೂ ಸೀಮೆಎಣ್ಣೆಯ ವಾಸನೆ, ಬ್ರೆಡ್ಡಿಗೆ ಕೊಬ್ಬು ಸವರಿ ಕೊಟ್ಟರೆ ಆ ಬ್ರೆಡ್ಡಿಗೂ. ಆದರೆ ಕಾರು ಓಡಿಸುವ ದೊರೆಗಳಿಗೆ ಆ ಕಾನೂನು ಯಾರು ಕಲಿಸಬೇಕು, ಆರಿದ ದೀಪವನ್ನು ಯಾರು ನೋಡುತ್ತಾರೆ? ಪೆಡ್ಲಿ ಒಬ್ಬನೇ ಕೂತು ಯೋಚಿಸಿದ. ಕೀಲಿ ತಿರುಗಿಸಿದ ಕೂಡಲೇ, ಎಂಜಿನ್ ಹೊರಡುವ ಮೊದಲೇ, ದೀಪ ಒಮ್ಮೆ ಹೊತ್ತಬೇಕು. ಎಂಜಿನ್ ಹೊರಟು ಎಣ್ಣೆ ಏರಿದ ಮೇಲೆ ಆರಬೇಕು. ಹಾಗಾದರೆ ಪ್ರತಿ ದಿನ, ಪ್ರತಿ ಸಲ, ತಾನು ಬದುಕಿದ್ದೇನೆ ಅಂತ ಅದೇ ಹೇಳಿಕೊಳ್ಳುತ್ತದೆ. ಹೊತ್ತದಿದ್ದರೆ ಬಲ್ಬು ಸತ್ತಿದೆ ಅಂತ ಹೊರಡುವ ಮೊದಲೇ ಗೊತ್ತು. ಎಷ್ಟು ಸರಳವಾಗಿತ್ತೆಂದರೆ ಅವನಿಗೇ ನಂಬಿಕೆ ಬರಲಿಲ್ಲ. ಕೆಂಪನ್ನು ಆರಿಸಲು ಮಾತ್ರ ವಾರಗಟ್ಟಲೆ ಬೇಕಾಯಿತು. ಗಾಜಿನ ತುಂಡುಗಳನ್ನು ಕಿಟಕಿಗೆ ಹಿಡಿದು, ಇದು ತೀರ ರಕ್ತ, ಇದು ಸಾರಾಯಿ ಅಂಗಡಿ, ಇದು ಹೆದರಿಸುತ್ತದೆ ಆದರೆ ಎಚ್ಚರಿಸುವುದಿಲ್ಲ ಅಂತ ಒಂದೊಂದನ್ನೂ ಪಕ್ಕಕ್ಕಿಟ್ಟ. ಕೊನೆಗೆ ಗಾಜಿಗೆ ಹೆಸರಾದ ಸ್ಟೌರ್‌ಬ್ರಿಜ್ಜಿನಿಂದ ಬಂದ ಒಂದು ತುಂಡಿನಲ್ಲಿ ಅವನಿಗೆ ಬೇಕಾದ ಬಣ್ಣವಿತ್ತು. ಆ ಚಳಿಗಾಲದಲ್ಲಿ ಅವನಿಗೆ ಸಂತೋಷ ಕೊಟ್ಟ ಸಂಗತಿ ಅದೊಂದೇ.

ಅದನ್ನು ಹಾಕ್ಸ್‌ಫರ್ಡ್ ಎಲ್ಲರ ಮುಂದೆ ಕೈಗೆತ್ತಿಕೊಂಡು ನೋಡಿದ. ಕೆಂಪು ಚೆನ್ನಾಗಿದೆ ಅಂದ. ಆಮೇಲೆ, ಶೋರೂಮಿನಲ್ಲಿ ಗಿರಾಕಿ ಕೂತು ಕೀಲಿ ತಿರುಗಿಸಿದ ಕೂಡಲೇ ಇದು ಕಣ್ಣು ಕೆಂಪಗೆ ಮಾಡುತ್ತಾ ಅಂತ ಕೇಳಿದ. ಹೌದು ಅಂದ ಪೆಡ್ಲಿ. "ಅಂದ್ರೆ ಕಾರು ಕೊಳ್ಳೋಕೆ ಮೊದ್ಲೇ ಕಾರು ಕೆಟ್ಟಿದೆ ಅಂತ ಗಿರಾಕಿಗೆ ಹೇಳ್ಬೇಕು ಅಂತೀಯ. ಪೆಡ್ಲಿ, ನೀನು ಅಂಗಡಿ ಇಟ್ರೆ ಬಾಗಿಲ ಮೇಲೆ ಸೂತಕದ ಬಟ್ಟೆ ಕಟ್ತೀಯ ನೋಡು." ನಕ್ಷೆಯ ಕೋಣೆ ಪೂರ್ತಿ ನಕ್ಕಿತು. ಪೆಡ್ಲಿಯೂ ನಕ್ಕ, ಮತ್ತೆ ಮಾತು ಬಿಟ್ಟುಬಿಟ್ಟಾರು ಎಂಬ ಹೆದರಿಕೆ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಹಾಕ್ಸ್‌ಫರ್ಡ್ ಒಂದು ತಂತಿ ಹೆಚ್ಚಿಗೆ ಸೇರಿಸಿದ, ಎಂಜಿನ್ ಹೊರಟ ಮೇಲಷ್ಟೇ ದೀಪಕ್ಕೆ ಕರೆಂಟು ಹೋಗುವಂತೆ. ಆ ಒಂದು ತಂತಿಯಿಂದ ದೀಪ ಅವನದಾಯಿತು. ಬದುಕಿದ್ದೂ ಸತ್ತಿದ್ದೂ ಗೊತ್ತಾಗದ, ಸುಮ್ಮನೆ ಚೆಂದಕ್ಕಿರುವ ದೀಪ.

ಅದಕ್ಕೇ ಬೆಳಿಗ್ಗೆ ಬಲ್ಬು ಕಿವಿಯಲ್ಲಿ ಗಿಲಿಗುಟ್ಟಿದಾಗ ಪೆಡ್ಲಿಗೆ ಅನ್ನಿಸಿದ್ದು, ಇದನ್ನು ಯಾರೋ ತನಗೆಂದೇ ತಂದಿಟ್ಟಿದ್ದಾರೆ ಅಂತ. ತಾನು ಮುರಿದದ್ದಲ್ಲ. ತಾನು ಮಾಡುತ್ತಿರುವುದು ಏನೂ ಮಾಡದಿರುವುದು, ಏನೂ ಹೇಳದಿರುವುದು ಅಷ್ಟೇ. ಚಳಿಗಾಲವಿಡೀ ಆ ಕಟ್ಟಡದ ಜನರೆಲ್ಲ ಅದನ್ನೇ ತಾನೆ ಮಾಡಿದ್ದು, ಅವರಲ್ಲಿ ಯಾರನ್ನು ಪೊಲೀಸರು ಹಿಡಿದುಕೊಂಡು ಹೋದರು? ಹೆಟ್ಟಿ ಬೆಳಿಗ್ಗೆ ಅವನ ಕಾಲರಿಗೆ ಗುಂಡಿ ಹಾಕುತ್ತ, "ಇವತ್ತಾದ್ರೂ ಅವನು ನಿನ್ನ ಹೆಸರು ಹೇಳ್ತಾನಾ?" ಅಂತ ಕೇಳಿದ್ದಳು. ಹೇಳುವುದು ಬೇಡ, ಹೇಳಿದಾಗೆಲ್ಲ ಏನಾಗಿದೆ ಗೊತ್ತಲ್ಲ ಅಂತ ಅವನು ಅಂದಿದ್ದ. ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಳ್ಳುವಾಗ ಒಂದು ಗಳಿಗೆ ಅವನಿಗೆ ಬೇರೆ ಚಿತ್ರವೂ ಬಂತು: ಎಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರಗಳು ಸಿಕ್ಕಿಬಿದ್ದು, ಕಾರು ಅಡ್ಡ ತಿರುಗಿ, ಟ್ರಬ್‌ಷಾರ ಬೋಳುತಲೆ ಗಾಜಿಗೆ ಬಡಿದು. ಆ ಮನುಷ್ಯ ಇವನಿಗೇನು ಮಾಡಿದ್ದಾನೆ? ಪೆಡ್ಲಿ ಕೈಯನ್ನು ಇನ್ನೊಂದು ಸಲ ತೊಳೆದ. ಜೇಬಿನ ಬಲ್ಬುಗಳು ಎದೆಗೆ ಒತ್ತುತ್ತಿದ್ದವು. ಕಾರಿನ ಬಾಗಿಲು ತೆರೆದೇ ಇತ್ತು, ಒಂದು ನಿಮಿಷದ ಕೆಲಸ. ಅವನು ಟವಲಿನಲ್ಲಿ ಕೈ ಒರೆಸುತ್ತಲೇ ನಿಂತ, ಒರೆಸಿ ಮುಗಿದ ಮೇಲೂ ಒರೆಸಿದ, ಅಷ್ಟರಲ್ಲಿ ಗೇಟಿನಲ್ಲಿ ಗಾಡಿಯ ಸದ್ದಾಯಿತು.

ಟ್ರಬ್‌ಷಾ ಕುಳ್ಳಗೆ, ಒಣಗಿದಂತಿದ್ದರು. ಜೊತೆಗೆ ಬಂದಿದ್ದ ಸಹಾಯಕ ಉದ್ದಕ್ಕೂ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಹಾಕ್ಸ್‌ಫರ್ಡ್ ಹೊಸ ಕೈಗವಸು ಹಾಕಿಕೊಂಡು ಬಂದ, ಹವಾಮಾನ ಹೊಗಳಿದ, ಟ್ರಬ್‌ಷಾರ ತೋಟದ ಗುಲಾಬಿಗಳ ಆರೋಗ್ಯ ವಿಚಾರಿಸಿದ. ಬೆಂಚಿನ ಹೆಂಗಸರು ಶನಿವಾರದ ಅರ್ಧ ದಿನದ ಕೆಲಸ ಮುಗಿಸುವ ಮೊದಲೇ ಕಿಟಕಿಗಳಲ್ಲಿ ಬಂದು ನಿಂತಿದ್ದರು. ಫ್ಲೋರಿಯ ಮುಖವೂ ಅಲ್ಲಿತ್ತು. ಎಲ್ಲರೂ ಕಾರನ್ನು ಸುತ್ತುವರಿದು ನಿಂತಾಗ ಹಾಕ್ಸ್‌ಫರ್ಡ್ ಬಾಗಿಲಿಗೆ ಒರಗಿ ಮಾತು ಶುರುಮಾಡಿದ.

"ಟ್ರಬ್‌ಷಾ ಅವರೇ, ಹೋದ ತಿಂಗ್ಳು ನೀವೊಂದು ಪ್ರಶ್ನೆ ಕೇಳಿದ್ರಿ. ಬಲ್ಬೇ ಸತ್ತೋಗಿದ್ರೆ ನಿಮ್ಮ ದೀಪ ಯಾರನ್ನ ಎಚ್ಚರಿಸುತ್ತೆ ಅಂತ. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ನಮ್ಮ ಪೆಡ್ಲಿ ಹತ್ರ ಇತ್ತು." ಅವನು ತಿರುಗಿ ಪೆಡ್ಲಿಯ ಭುಜದ ಮೇಲೆ ಕೈಯಿಟ್ಟ. "ಇದು ಪೂರ್ತಿ ಇವನ ಯೋಜನೆ. ಕೀಲಿ ತಿರುಗಿಸಿದ ಕೂಡ್ಲೇ ದೀಪ ಹೊತ್ತುತ್ತೆ, ಎಂಜಿನ್ ಹೊರಟ ಮೇಲೆ ಆರುತ್ತೆ. ನಾನು ಒಂದು ತಂತಿ ಹಾಕಿ ಅದನ್ನ ಕೆಡಿಸಿದ್ದೆ. ನಿನ್ನೆ ಸಂಜೆ ನಾನೇ ಕೂತು ಕಿತ್ತುಹಾಕ್ದೆ, ಪೆಡ್ಲಿ. ನಿಂಗೆ ಹೇಳೋಣ ಅಂದ್ಕೊಂಡೆ, ಇಲ್ಲೇ ಎಲ್ಲರೆದುರು ನೋಡ್ಲಿ ಅಂತ ಸುಮ್ಮನಾದೆ."

ಕಿಟಕಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪೆಡ್ಲಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಭುಜದ ಮೇಲಿನ ಕೈಯ ಭಾರವಷ್ಟೇ ಗೊತ್ತಾಯಿತು. ಆಮೇಲೆ ಹೊಳೆಯಿತು. ಕೀಲಿ ತಿರುಗಿಸಿದ ಕೂಡಲೇ. ಇಲ್ಲಿ, ಈ ಅಂಗಳದಲ್ಲಿ, ಗುಡ್ಡವಲ್ಲ. ಇದು ಪೂರ್ತಿ ಇವನ ಯೋಜನೆ ಅಂದನಲ್ಲ, ಯಾಕೆ ಅಂದ? ಒಳ್ಳೆಯ ಮನಸ್ಸಿನಿಂದಲೋ, ಅಥವಾ ಹಸಿರು ದೀಪದ ಹಾಗೆ ಇದೂ ಕೈಕೊಟ್ಟರೆ ಹೆಸರು ಮೊದಲೇ ಅಂಟಿಸಿ ಇಟ್ಟಿರಲಿ ಅಂತಲೋ? ಬಲ್ಬು ಸತ್ತಿದೆ ಸರ್, ಒಂದು ನಿಮಿಷ ಅನ್ನಬಹುದಿತ್ತು. ಅವನು ಕೀಲಿಯನ್ನೇ ನೋಡುತ್ತ ನಿಂತ. ಏನೂ ಹೇಳದಿರುವುದು ಇಷ್ಟು ಕಷ್ಟದ ಕೆಲಸವೆಂದು ಚಳಿಗಾಲವಿಡೀ ತನ್ನೆದುರು ಅದನ್ನು ಮಾಡಿದವರಿಗೂ ಗೊತ್ತಿತ್ತೋ ಇಲ್ಲವೋ ಎಂಬ ಯೋಚನೆ ಎಲ್ಲಿಂದಲೋ ಬಂದು ಹೋಯಿತು. ಹಾಕ್ಸ್‌ಫರ್ಡ್ ಬಗ್ಗಿ ಕೀಲಿ ತಿರುಗಿಸಿದ.

ಏನೂ ಆಗಲಿಲ್ಲ. ಕೆಂಪು ಗಾಜು ಕಪ್ಪಗೇ ಇತ್ತು. ಹಾಕ್ಸ್‌ಫರ್ಡ್ ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಮುಂದಕ್ಕೆ ತಿರುಗಿಸಿದ. ಸಹಾಯಕನ ಕೈಯಲ್ಲಿ ಟೋಪಿ ತಿರುಗುವುದು ನಿಂತಿತು. ಟ್ರಬ್‌ಷಾ ಕತ್ತು ಚಾಚಿ ನೋಡಿ, "ಯಾರ ಯೋಜನೆ ಅಂದ್ರಿ ಇದು?" ಅಂದರು. ಪೆಡ್ಲಿಗೆ ಕಿಟಕಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅಲ್ಲಿ ಹಾಡು ನಿಲ್ಲುವುದು, ಮಗ್ಗು ಖಾಲಿ ಉಳಿಯುವುದು, ಹೆಟ್ಟಿ ಮತ್ತೆ ಆಲೂಗಡ್ಡೆ ಸುಲಿಯುವುದು ಎಲ್ಲ ಅವನಿಗೆ ಆಗಲೇ ಕಾಣುತ್ತಿತ್ತು. ಬೇರೆಯವನಿಗೆಂದು ತೋಡಿದ ಗುಂಡಿಯ ಅಂಚಿನಲ್ಲಿ ತಾನು ಒಳ್ಳೆಯ ಕಾಲರ್ ಹಾಕಿಕೊಂಡು ನಿಂತಿದ್ದ.

ಹಾಕ್ಸ್‌ಫರ್ಡ್ ಕೈಗವಸು ಕಳಚಿ, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ, ಬಲ್ಬನ್ನು ಬಿಚ್ಚಿ ತೆಗೆದ. ಎಷ್ಟೋ ವರ್ಷಗಳಿಂದ ಅವನು ಅಂಥ ಕೆಲಸ ಮಾಡಿದ್ದನ್ನು ಯಾರೂ ನೋಡಿರಲಿಲ್ಲ, ಆದರೆ ಬೆರಳುಗಳು ಮರೆತಿರಲಿಲ್ಲ. ಕಿವಿಗೆ ಹಿಡಿದ. ತಟ್ಟಿದ. ತಟ್ಟಿ, ಬಲ್ಬು ಕಿವಿಯ ಹತ್ತಿರವೇ ಇರುವಾಗ, ಕಣ್ಣೆತ್ತಿ ಪೆಡ್ಲಿಯನ್ನು ನೋಡಿದ. ಒಳ್ಳೆಯ ಹೊತ್ತು ನೋಡಿದ. ಆ ಕಣ್ಣುಗಳಲ್ಲಿ ಹಳೆಯ ಪಂದ್ಯಗಳೆಲ್ಲ ಇದ್ದವು. ಹ್ಯೂಬರ್ಟನ ಕಿವಿ ಯಾವತ್ತೂ ತಪ್ಪಿದ್ದಿಲ್ಲವೆಂಬುದು ಈ ಜಗತ್ತಿನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿದ್ದವನು ಅವನು. ಪೆಡ್ಲಿಯೂ ನೋಡಿದ, ಕಣ್ಣು ತಪ್ಪಿಸಲಿಲ್ಲ. ಹೌದು, ನಾನೇ. ಹೇಳು, ಎಲ್ಲರ ಮುಂದೆ ಹೇಳು. ಅವನಿಗೆ ಈಗ ಹೆದರಿಕೆ ಹೋಗಿ ಒಂದು ಬಗೆಯ ಹಸಿವಾಗಿತ್ತು. ಹೇಳಿದರೆ ತಾನೂ ಹೇಳುತ್ತೇನೆ. ಹಸಿರು ದೀಪ ಯಾರದೆಂದು, ಯಾರ ಬಾಯಿಂದ ಯಾರಿಗೆ ಏನಾಯಿತೆಂದು, ಆ ಕಿಟಕಿಗಳಿಗೆಲ್ಲ ಕೇಳುವ ಹಾಗೆ.

ಹಾಕ್ಸ್‌ಫರ್ಡ್ ನಕ್ಕ.

"ಸತ್ತಿದೆ," ಅಂದ. "ಸತ್ತಿರ್ಲೇಬೇಕು, ನಾನೇ ಹೇಳಿ ಹಾಕಿಸಿದ್ದಲ್ವಾ. ಟ್ರಬ್‌ಷಾ ಅವರೇ, ಈಗ ನಿಮ್ಮ ಪ್ರಶ್ನೆಗೆ ಉತ್ರ ಸಿಕ್ತಾ? ಹಳೇ ಥರ ಇದ್ದಿದ್ರೆ ನಾವು ಈಗ ಹೊರಟುಬಿಟ್ಟಿರ್ತಿದ್ವಿ, ಗುಡ್ಡದ ಮೇಲೆ ಎಂಜಿನ್ ಸುಟ್ಕೊಂಡು ಕೂತಿರ್ತಿದ್ವಿ. ಈಗ ಬಾಗಿಲು ಹಾಕೋ ಮೊದ್ಲೇ ಗೊತ್ತಾಯ್ತು. ಪೆಡ್ಲಿ, ಜೇಬಲ್ಲಿ ಒಳ್ಳೇದಿದೆ ತಾನೆ? ಕೊಡಪ್ಪ."

ಟ್ರಬ್‌ಷಾ ಒಣ ಕೆಮ್ಮಿನಂಥ ಸದ್ದು ಮಾಡಿದರು. ಅದು ಅವರ ನಗು. ಒಳ್ಳೇ ಆಟ ಹೂಡಿದ್ದೀರಿ ಅಂದರು. ಸಹಾಯಕನೂ ನಕ್ಕ, ಕಿಟಕಿಗಳೂ ನಕ್ಕವು. ಪೆಡ್ಲಿಯ ಕೈ ಜೇಬಿಗೆ ಹೋಯಿತು, ಈ ಸಲ ನಿಲ್ಲಲಿಲ್ಲ. ಹತ್ತಿ ಬಿಚ್ಚಿ ಬಲ್ಬು ಕೊಟ್ಟ. ಹಾಕ್ಸ್‌ಫರ್ಡ್ ಅದನ್ನು ಹಾಕಿ ಕೀಲಿ ತಿರುಗಿಸಿದ. ಕೆಂಪು ಹೊತ್ತಿತು. ವಾರಗಟ್ಟಲೆ ಕಿಟಕಿಗೆ ಹಿಡಿದು ಆರಿಸಿದ ಆ ಕೆಂಪು, ಅವನು ಅಂದುಕೊಂಡ ಗಳಿಗೆಯಲ್ಲಿ, ಅಂದುಕೊಂಡ ಹಾಗೆಯೇ, ಮೊದಲ ಸಲ. ಅವನಿಗೆ ಖುಷಿಯಾಯಿತು. ತಡೆಯಲಾಗದಷ್ಟು ಖುಷಿಯಾಯಿತು, ಮತ್ತು ಆ ಖುಷಿಗಾಗಿ ಅವನು ತನ್ನನ್ನೂ ಹಾಕ್ಸ್‌ಫರ್ಡನನ್ನೂ ಒಟ್ಟಿಗೆ ಕೊಲ್ಲಬಲ್ಲವನಾಗಿದ್ದ.

ಗುಡ್ಡದ ಮೇಲೆ ಎಲ್ಲ ಸುಸೂತ್ರವಾಯಿತು. ನಲ್ಲಿ ತಿರುಗಿತು, ದೀಪ ಹೊತ್ತಿತು, ಟ್ರಬ್‌ಷಾ ಓಹೋ ಅಂದರು, ನಲ್ಲಿ ಮುಚ್ಚಿತು. ಪೆಡ್ಲಿ ಹಿಂದಿನ ಸೀಟಿನಲ್ಲಿ ಕೂತು ಹಾಕ್ಸ್‌ಫರ್ಡನ ಕುತ್ತಿಗೆ ನೋಡುತ್ತಿದ್ದ. ಕ್ಷೌರ ಮಾಡಿಸಿ ಪೌಡರ್ ಹಾಕಿದ, ಬೆಳ್ಳಗಿನ ಕುತ್ತಿಗೆ. ಮಧ್ಯಾಹ್ನ ಅತಿಥಿಗಳ ಗಾಡಿ ಗೇಟು ದಾಟಿದ ಮೇಲೆ, ಖಾಲಿ ಅಂಗಳದಲ್ಲಿ ಇಬ್ಬರೇ ಉಳಿದರು. ಹಾಕ್ಸ್‌ಫರ್ಡ್ ಕೋಟಿನ ಜೇಬಿನಿಂದ ಸತ್ತ ಬಲ್ಬನ್ನು ತೆಗೆದ. ಈಗ ಬಂತು ಅಂದುಕೊಂಡ ಪೆಡ್ಲಿ. ಬರಲಿ ಅಂತಲೇ ಬಯಸಿದ. ಕೆಲಸ ಹೋಗಲಿ, ಆದರೆ ನೀನು ಮಾಡಿದೆ ಅಂತ ಈ ಮನುಷ್ಯ ಒಂದು ಸಲ ತನ್ನ ಮುಖಕ್ಕೆ ಅನ್ನಲಿ. ಅವನು ಅನ್ನಲಿಲ್ಲ. ಅದಕ್ಕೆ ಪೆಡ್ಲಿಯೇ ಬಾಯಿ ಬಿಟ್ಟ.

"ಅದು ಸತ್ತಿದೆ ಅಂತ ನನಗೆ ಬೆಳಿಗ್ಗೆನೇ ಗೊತ್ತಿತ್ತು."

"ಗೊತ್ತಿರದೆ ಇನ್ನೇನು," ಅಂದ ಹಾಕ್ಸ್‌ಫರ್ಡ್, ಕೈಗವಸಿನೊಳಗೆ ಒಂದೊಂದೇ ಬೆರಳು ತೂರಿಸುತ್ತ. "ನಾನು ಹೇಳ್ದೆ, ನೀನು ಹಾಕ್ದೆ."

"ನೀವು ಹೇಳ್ಲಿಲ್ಲ. ನಾನೇ ಹಾಕಿದ್ದು. ನಿಮ್ಮ ಮೇಲಿನ ಸಿಟ್ಟಿಗೆ ಹಾಕಿದ್ದು, ರೆಜ್."

ಆ ಹೆಸರು ಕೇಳಿ ಹಾಕ್ಸ್‌ಫರ್ಡ್ ಒಂದು ಸಲ ತಲೆಯೆತ್ತಿದ, ಅಷ್ಟೇ. ಕೋಪವಿರಲಿಲ್ಲ ಅವನ ಮುಖದಲ್ಲಿ. ಸೋತ ಪಂದ್ಯಗಳಲ್ಲಿ ಕಾಣುತ್ತಿದ್ದ ಅದೇ ನಗು ಇತ್ತು.

"ನಾನು ಹೇಳಿದ್ದು, ನೀನು ಹಾಕಿದ್ದು," ಅಂದ ಮತ್ತೆ, ಮಗುವಿಗೆ ಪಾಠ ಹೇಳುವವನಂತೆ ನಿಧಾನವಾಗಿ. ಪೆಡ್ಲಿಯ ಕೈ ಹಿಡಿದು ಬಲ್ಬನ್ನು ಅಂಗೈಯಲ್ಲಿಟ್ಟು ಬೆರಳು ಮಡಿಚಿದ. "ಇದನ್ನ ಜೋಪಾನ ಮಾಡು. ಮುಂದಿನ ಶನಿವಾರ ಇನ್ನೊಂದು ಕಂಪನಿಯವರು ಬರ್ತಿದ್ದಾರೆ. ಅವರಿಗೂ ಹೀಗೇ ತೋರ್ಸೋಣ, ಚೆನ್ನಾಗಿ ಕೆಲಸ ಮಾಡುತ್ತೆ."

ಮನೆಯಲ್ಲಿ ಹೆಟ್ಟಿ ಮೇಜಿನ ಮೇಲೆ ಮಾಂಸ ಬೇಯಿಸಿಟ್ಟಿದ್ದಳು, ಬಹಳ ದಿನಗಳ ಮೇಲೆ. ಫ್ಲೋರಿ ದಾರಿಯಲ್ಲಿ ಸಿಕ್ಕಿ ಎಲ್ಲ ಹೇಳಿದಳಂತೆ. ಹಾಕ್ಸ್‌ಫರ್ಡ್ ಎಲ್ಲರೆದುರು ನಿನ್ನ ಹೆಸರು ಹೇಳಿದನಂತೆ, ನೀವಿಬ್ಬರೂ ಸೇರಿಕೊಂಡು ಸತ್ತ ಬಲ್ಬಿನ ಆಟ ಹೂಡಿ ಆ ಮುದುಕನನ್ನು ಮಂಗ ಮಾಡಿದಿರಂತೆ. ಅವಳ ಕಣ್ಣು ತುಂಬಿತ್ತು. ಪೆಡ್ಲಿ ತಿಂದ. ನಡೆದದ್ದನ್ನು ಇವಳಿಗೆ ಹೇಳಿದರೂ ಇವಳು ನಂಬುವುದಿಲ್ಲವೆಂದು ಮೂರನೇ ತುತ್ತಿಗೆ ಅವನಿಗೆ ಹೊಳೆಯಿತು. ಇನ್ನು ಯಾರೂ ನಂಬುವುದಿಲ್ಲ. ಅವನು ಬದುಕಿನಲ್ಲಿ ಮಾಡಿದ ಒಂದೇ ಒಂದು ಸೇಡು, ಅದರ ಕೆಳಗೂ ಈಗ ಇನ್ನೊಬ್ಬನ ಹೆಸರಿತ್ತು. ಎದ್ದು ಕೋಟು ತೆಗೆದು ಹಾಕುವಾಗ ಜೇಬಿನಲ್ಲಿ ಗಿಲಿಗುಟ್ಟಿತು. ಏನದು ಅಂತ ಹೆಟ್ಟಿ ಕೇಳಿದಳು. ಕೆಲಸದ್ದು ಅಂದ.

ಮುಂದಿನ ಶನಿವಾರ ಬೆಳಿಗ್ಗೆ ಅತಿಥಿಗಳು ಬರುವ ಮೊದಲು, ಹ್ಯೂಬರ್ಟ್ ಪೆಡ್ಲಿ ಕಾರಿನೊಳಗೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಗಾಜಿನ ಕೋಣೆಯಿಂದ ಹಾಕ್ಸ್‌ಫರ್ಡ್ ಕೈಯೆತ್ತಿ, ಆಯಿತಾ ಅನ್ನುವಂತೆ ಸನ್ನೆ ಮಾಡಿದ. ಪೆಡ್ಲಿ ಒಳ್ಳೆಯ ಬಲ್ಬನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿಟ್ಟು, ಇನ್ನೊಂದನ್ನು ಹೊರತೆಗೆದು, ಕಿವಿಗೆ ಹಿಡಿದು ಉಗುರಿನಿಂದ ತಟ್ಟಿದ. ಸತ್ತಿರುವುದು ಖಾತ್ರಿಯಾದ ಮೇಲೆ ಜಾಗಕ್ಕೆ ಹಾಕಿ, ಬಿಗಿಯಾಗಿ ತಿರುಗಿಸಿದ.